ಮಗಳಿಗೆ ನಾನು ಹಾಕಿದ ಅಂಕ

ನನ್ನ ಮಗಳನ್ನು ಯಾರಾದರೂ ಹೊಗಳಿದರೆ ನನ್ನ ಬಾಯಿಂದ ಮೊದಲು ಹೊರಡುವುದು ಅವಳ ಮೇಲಿನ ದೂರು. ‘ನಿಮ್ಮ ಪ್ರಣಾಲಿ ಭಾಳ ಶಾಣ್ಯಾ ಅದಾಳ್ರಿ’ ಎಂದರೆ ಸಾಕು, ‘ಎಲ್ಲಿ ಶಾಣ್ಯಾರಿ, ಹೇಳಿದ್ದು ಒಂದೂ ಕೇಳೂದಿಲ್ಲ’ ಎಂದುಬಿಡುತ್ತೇನೆ. ದೃಷ್ಟಿ, ಅಂದರೆ ನಮ್ಮವರ ‘ನದರ’, ಆಗಬಾರದಲ್ಲ! ನಮ್ಮ ರಾಯಬಾಗದ ಕಡೆ ಇದು ತಾಯಂದಿರ ರೋಗ ಮಾತ್ರವಲ್ಲ. ತಲೆ ಮೀರಿ ಬೆಳೆದ ಕಬ್ಬಿನ ನಡುವೆ ನಿಂತವನನ್ನು ಬೆಳೆ ಹೇಗಿದೆಯೆಂದು ಕೇಳಿ. ‘ಏನೈತ್ರಿ, ಹಂಗ ಐತಿ’ ಎನ್ನುತ್ತಾನೆ. ನನಗೋ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ವಿನಯವೂ ಇದರ ಜೊತೆ ಸೇರಿಕೊಂಡಿದೆ.

ಈ ಅಭ್ಯಾಸ ಮೊನ್ನೆ ನನಗೇ ತೊಡರುಗಾಲು ಹಾಕಿತು. ಏಳನೆಯ ತರಗತಿಯ ಪ್ರಣಾಲಿ ತನ್ನನ್ನು ಅಣಕಿಸಿದ ಹುಡುಗಿಯೊಬ್ಬಳನ್ನು ನೂಕಿದ್ದಳು. ಅಂದಿನಿಂದ ಗೆಳತಿ ಸಾನಿಕಾಳನ್ನು ಬಿಟ್ಟು ಶಾಲೆಯಲ್ಲಿ ಯಾರೊಂದಿಗೂ ಮಾತಿಲ್ಲ. ಹಾದಿ ತಪ್ಪಬಹುದೆನ್ನುವ ಮಕ್ಕಳನ್ನು ನೋಡಿಕೊಳ್ಳಲು ಬರುವ ಆಪ್ತಸಮಾಲೋಚಕಿ ಮೇಡಂ ನನಗೊಂದು ಹಾಳೆ ಕೊಟ್ಟರು. ಸರದಿಗೆ ಕಾಯುತ್ತಾಳೆಯೇ? ಬೇರೆಯವರ ನೋವಿಗೆ ಮರುಗುತ್ತಾಳೆಯೇ? ಸಿಟ್ಟು ತಡೆದುಕೊಳ್ಳುತ್ತಾಳೆಯೇ? ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ವರೆಗೆ ಒಂದಕ್ಕೆ ಗುರುತು ಹಾಕಬೇಕು. ಅದನ್ನು ನೋಡಿ ಅವಳನ್ನು ಬೇರೆ ಸೆಕ್ಷನ್ನಿಗೆ ಕಳಿಸಬೇಕೋ ಬೇಡವೋ ಎಂಬ ತೀರ್ಮಾನ. ಕಳಿಸಿದರೆ ಆ ಒಬ್ಬ ಸಾನಿಕಾಳೂ ಇಲ್ಲ.

ಹೆತ್ತವರನ್ನೇ ಪರೀಕ್ಷಕರನ್ನಾಗಿಸುವ ಈ ಉಪಾಯ ನನಗೆ ಕುತೂಹಲಕರವೆನಿಸಿತು. ಶಾಲೆಗೆ ಕಾಣುವ ಹುಡುಗಿಯೇ ಬೇರೆ, ನನ್ನ ಅಡುಗೆಮನೆಯ ಕಿಟಕಿಗೆ ಕಾಣುವವಳೇ ಬೇರೆ. ಇವಳು ಕುಂಟುನಾಯಿಗೆ ಕದ್ದು ಚಪಾತಿ ಹಾಕುತ್ತಾಳೆ. ಅಜ್ಜಿಯ ಗುಳಿಗೆಯ ಹೊತ್ತು ನನಗಿಂತ ಚೆನ್ನಾಗಿ ನೆನಪಿಡುತ್ತಾಳೆ. ಪೆನ್ನು ‘ಯಾವಾಗಲೂ’ ಕಡೆ ಹೊರಟಿತ್ತು.

‘ಹಂಗ ಬರೀಬ್ಯಾಡ ಬೇ, ನದರ ಆಗತೈತಿ’ ಎಂದರು ಪಕ್ಕದಲ್ಲಿ ಕೂತ ಅತ್ತೆ.

ಪೆನ್ನು ಹಿಂದೆ ಸರಿಯಿತು. ಎಲ್ಲಕ್ಕೂ ‘ಅಪರೂಪಕ್ಕೆ’ ಎಂದು ಗುರುತು ಹಾಕಿ ಕೊಟ್ಟೆ.

ಮೇಡಂ ಕರೆಸಿದರು. ‘ಮನ್ಯಾಗೂ ಇಷ್ಟ ತ್ರಾಸ ಕೊಡ್ತಾಳೇನ್ರಿ ವೈನಿ? ಹಿಂಗಾದ್ರ ಸೆಕ್ಷನ್ ಬದಲಿ ಮಾಡೂದ ಛಲೋ.’

ಮೇಜಿನ ಮೇಲಿದ್ದ ಆ ಹಾಳೆಗೆ ಅಂಗೈ ಅಡ್ಡ ಇಟ್ಟೆ. ‘ಇಲ್ರಿ ಮೇಡಂ! ಬಂಗಾರದಂಥಾ ಹುಡುಗಿ. ನದರ ಆಗಬಾರ್ದಂತ ಹಂಗ ಬರದೇನ್ರಿ.’

ಅವರು ನನ್ನನ್ನೇ ನೋಡಿ ನಕ್ಕರು. ‘ಹಂಗಾದ್ರ ಉಳಿದ ತಾಯಂದಿರೂ ಹಿಂಗ ಬರದಾರೇನ? ಎಲ್ಲಾರ್ನೂ ಮತ್ತ ಕರೀಬೇಕಾತು!’ ಹೊಸ ಹಾಳೆ ಚಾಚಿದರು. ‘ಕಂಡದ್ದಷ್ಟ ಬರೀರಿ.’

ಕಂಡದ್ದಷ್ಟನ್ನೇ ಬರೆಯುವುದು ಎಷ್ಟು ಕಷ್ಟ! ಮನೆಗೆ ಬಂದು, ಸಿಟ್ಟಿನ ಪ್ರಶ್ನೆಗೆ ‘ಆಗಾಗ’ ಎಂದೆ; ಮರುಕದ ಪ್ರಶ್ನೆಗೆ, ನಾಯಿಯನ್ನು ನೆನೆದು, ‘ಯಾವಾಗಲೂ’. ಕಿವಿಯ ಬಳಿ ಉಸಿರು ತಾಗಿತು. ಪ್ರಣಾಲಿ ಬಾಗಿ ಓದುತ್ತಿದ್ದಳು.

‘ಮಮ್ಮಿ, ಖರೇನ ನಿನಗ ಹಿಂಗ ಅನಸ್ತೈತೇನ?’

ಹನ್ನೆರಡು ತುಂಬಿದ ಹುಡುಗಿ, ನನ್ನ ಬಾಯಿಂದ ಬರೀ ದೂರು ಕೇಳಿ ಬೆಳೆದವಳು. ‘ಹೌದ ಬೇ’ ಎಂದೆ. ಅವಳು ಕಾಡಿಗೆ ಡಬ್ಬಿ ತಂದು, ಹಾಳೆಯ ಮೂಲೆಗೊಂದು ಕಪ್ಪು ಬೊಟ್ಟಿಟ್ಟಳು. ‘ಇರ್ಲಿ, ಇಲ್ಲಾಂದ್ರ ಅಜ್ಜಿ ಬೈತಾಳ.’

ಹಾಸ್ಯಪ್ರಜ್ಞೆಯ ಬಗ್ಗೆ ಆ ಹಾಳೆಯಲ್ಲಿ ಪ್ರಶ್ನೆಯೇ ಇರಲಿಲ್ಲ ನೋಡಿ.

ಸೆಕ್ಷನ್ ಬದಲಾಗಲಿಲ್ಲ. ಈಗ ಯಾರಾದರೂ ಅವಳನ್ನು ಹೊಗಳಿದರೆ, ಅವಳಿಗೆ ಕೇಳುವಂತೆ ‘ಹೌದ್ರಿ’ ಎನ್ನಲು ಕಲಿಯುತ್ತಿದ್ದೇನೆ. ಸೆರಗಿನ ಮರೆಯಲ್ಲಿ ನೆಟಿಗೆ ಮುರಿಯುವುದನ್ನು ಮಾತ್ರ ಬಿಟ್ಟಿಲ್ಲ.