ಮೂರು ಸಲ ಕರೆಯುವವರೆಗೆ

ಕತಾರಿನ ಉತ್ತರಕ್ಕೆ, ಜನ ಬಿಟ್ಟುಹೋದ ಮೀನುಗಾರರ ಹಳ್ಳಿಯೊಂದನ್ನು ನೋಡಲು ಒಬ್ಬನೇ ಹೋಗಿದ್ದೆ. ಇಯರ್‌ಫೋನಿನಲ್ಲಿ ಮೊಬೈಲ್ ಆ್ಯಪಿನ ಗೈಡ್ ಒಬ್ಬಳು ಊರಿನ ಚರಿತ್ರೆ ಹೇಳುತ್ತಾ ದಾರಿ ತೋರಿಸುತ್ತಿದ್ದಳು. ಮುರಿದ ಗೋಡೆಗಳ ನಡುವೆ ನರಪಿಳ್ಳೆ ಇಲ್ಲ. "ಮುಂದೆ ಬನ್ನಿ, ಇಲ್ಲೇ ಹೆಂಗಸರು ನೀರು ಸೇದುತ್ತಿದ್ದರು" ಅಂದಳು.

ಬೆನ್ನ ಹಿಂದೆ ಯಾರೋ "ಭಾಯಿ!" ಎಂದರು. ಹಾಳೂರಲ್ಲಿ ಯಾರಾದರೂ ಕರೆದರೆ ಮೂರು ಸಲ ಆಗುವವರೆಗೆ ಓಗೊಡಬಾರದು, ತಿರುಗಲೂಬಾರದು ಅಂತ ಕುಂದಾಪುರದ ನಮ್ಮಜ್ಜಿ ಹೇಳುತ್ತಿದ್ದಳು. ದೆವ್ವ ಎರಡೇ ಸಲ ಕರೆಯುತ್ತದಂತೆ.

ಮತ್ತೆ "ಭಾಯಿ!" ತಿರುಗದೆ ಇನ್ನೊಂದು ಹೆಜ್ಜೆ ಮುಂದಿಟ್ಟೆ.

ಮೂರನೇ ಸಲ ಅವನು ಕರೆಯಲಿಲ್ಲ, ಕಾಲರಿಗೇ ಕೈ ಹಾಕಿ ಎಳೆದ. ಮಲಯಾಳಿ ಕಾವಲುಗಾರ. ನನ್ನ ಕಾಲ ಮುಂದೆ ಕಟ್ಟೆಯಿಲ್ಲದ ಬಾವಿ.

"ಕರೆದದ್ದು ಕೇಳಿಸಲಿಲ್ವಾ?" ಎಂದು ಹಿಂದಿಯಲ್ಲಿ ಬೈದ.

ಕೇಳಿಸಿತ್ತು. ಆದರೆ ಮೈಯೇ ಇಲ್ಲದೆ ಕಿವಿಯೊಳಗೆ ಕರೆದವಳ ಹಿಂದೆ ಮಾತ್ರ ಒಂದೇ ಕರೆಗೆ ಹೊರಟಿದ್ದೆನಲ್ಲ!