ಮೀನಿನೂರಿಗೆ ಹೋದ ಲೆಕ್ಕದ ಮೇಡಂ

ಕಣಕಟ್ಟೆಯ ಏಕಾಂತಯ್ಯನವರ ಮಗಳು ಮೇಘಶ್ರೀ ಅರಸೀಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಐದು ವರ್ಷ ಲೆಕ್ಕ ಕಲಿಸಿದ್ದಳು. ಕೆಲಸ ಇಂದು ಖಾಯಂ ಆಗುತ್ತದೆ, ನಾಳೆ ಆಗುತ್ತದೆ ಎಂದು ಕಾದು ಬೇಸತ್ತಿದ್ದಾಗ, ಎರಡು ಸಾವಿರದ ಒಂದರಲ್ಲಿ, ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದ ಶಾಲೆಯಿಂದ ಕರೆ ಬಂತು. ಬೆಳಗಿನ ಲಿಂಗಪೂಜೆ ಆಗದೆ ಕಾಫಿಯನ್ನೂ ಮುಟ್ಟದ ಮನೆ ಅವರದು. ಏಕಾಂತಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಸುತ್ತ ಸಮುದ್ರ ಅಂತೀಯ. ಮೀನು ತಿನ್ನೋರ ಊರಲ್ಲಿ ನೀನೇನು ತಿಂತೀಯವ್ವ? ಬ್ಯಾಡ ಸುಮ್ನಿರು."

"ಅಲ್ಲೂ ತೆಂಗಿನ ಮರ ಇದಾವಂತೆ ಅಪ್ಪಾಜಿ" ಎಂದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಹಟ ಹಿಡಿದು ಹೊರಟೇಬಿಟ್ಟಳು. ತಾಯಿ ವಿಶಾಲಮ್ಮ ರಾಗಿಹಿಟ್ಟು, ಚಟ್ನಿಪುಡಿ, ಹುಣಸೆಹಣ್ಣನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ಮೇಘಶ್ರೀ ಆರು ಪುಸ್ತಕ ಇಟ್ಟುಕೊಂಡಳು. ಸಮುದ್ರದ ಗಾಳಿಗೆ ರಾಗಿಹಿಟ್ಟು ಮೂರೇ ವಾರಕ್ಕೆ ಮುಗ್ಗಿತು. ಪುಸ್ತಕಗಳು ತಿಂಗಳಿಗೇ ಮುಗಿದವು. ಆಮೇಲೆ ಪೊಟ್ಟಣದ ಪೇಪರುಗಳನ್ನೇ ಅಂಗೈಯಿಂದ ನೀವಿ ನೆಟ್ಟಗೆ ಮಾಡಿ ಓದತೊಡಗಿದಳು. ಕೊಬ್ಬರಿ ಧಾರಣೆ, ಹಾಸನದ ಸೀರೆ ಅಂಗಡಿ, ಯಾರದೋ ಶಿವಗಣಾರಾಧನೆ. ಊರಲ್ಲಿದ್ದಾಗ ಕಣ್ಣೆತ್ತಿ ನೋಡದಿದ್ದ 'ವಧು ಬೇಕಾಗಿದೆ' ಜಾಹೀರಾತುಗಳೂ ಬಾಯಿಪಾಠವಾದವು.

ಊಟವೆಂದರೆ ಅನ್ನ, ಈರುಳ್ಳಿ, ಡಬ್ಬಿಯ ಬಟಾಣಿ. ಶಾಲೆ ಬಿಟ್ಟೊಡನೆ ಕೋಣೆ ಸೇರಿ, ಮೀನಿನ ವಾಸನೆ ಬಾರದಿರಲೆಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ವರ್ಷದ ರಜೆಗೆ ಹೋದರೆ ತಿರುಗಿ ಬರುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಪಕ್ಕದ ಮನೆಯ ಹವ್ವಾ ಇದನ್ನೆಲ್ಲ ಗಮನಿಸುತ್ತಿದ್ದಳು. ಸಿನಿಮಾ ನೋಡಿ ಕಲಿತ ಹಿಂದಿ ಅವಳದು. ಮೇಘಶ್ರೀಯದು ಹೈಸ್ಕೂಲು ಹಿಂದಿ. ಒಂದು ಶುಕ್ರವಾರ, ರಜೆಯ ದಿನ, ಹವ್ವಾ ಬಾಗಿಲು ತಟ್ಟಿ ಏನೇನು ತಿನ್ನುವುದಿಲ್ಲವೆಂದು ವಿಚಾರಿಸಿದಳು. ಮೀನೂ ಇಲ್ಲ, ಕೋಳಿಯೂ ಇಲ್ಲ, ಮೊಟ್ಟೆಯೂ ಇಲ್ಲ ಎಂದಾಗ ಸ್ವಲ್ಪ ಹೊತ್ತು ಯೋಚಿಸಿ, ಕೈಹಿಡಿದು ತನ್ನ ಅಡುಗೆಮನೆಗೆ ಕರೆದೊಯ್ದಳು. ಅಲ್ಲೊಂದು ಗಿಡ್ಡ ಮಣೆ, ಅದರ ಮುಂದೆ ಹಲ್ಲುಹಲ್ಲಿನ ಅಲಗು. ಥೇಟ್ ಕಣಕಟ್ಟೆ ಮನೆಯ ತುರಿಮಣೆ. ಮೇಘಶ್ರೀ ಯಾರನ್ನೂ ಕೇಳದೆ ವೇಲನ್ನು ಸೊಂಟಕ್ಕೆ ಸಿಕ್ಕಿಸಿ ಕೂತು ತುರಿದಳು. ಕರಟದ ಕಪ್ಪು ಒಂದು ಚೂರೂ ಬೀಳಲಿಲ್ಲ. ಹವ್ವಾ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು.

ತುರಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಕೊಚ್ಚಿ, ನಿಂಬೆಹುಳಿ ಹಿಂಡಿದರು. ಅದಕ್ಕೆ ಮೀನು ಸೇರಿಸುವುದು ಅವರ ವಾಡಿಕೆ. ಸೇರಿಸುವ ಮೊದಲೇ ಹವ್ವಾ ಒಂದು ಬಟ್ಟಲು ಬೇರೆ ತೆಗೆದಿಟ್ಟು, ಇದು ನಿನ್ನದು, ಇನ್ನು ದಿನಾ ಇಲ್ಲೇ ಬಾ ಎಂದಳು. ಬಿಸಿ ರೊಟ್ಟಿಯ ಜೊತೆ ತಿನ್ನುವಾಗ ಮೇಘಶ್ರೀಯ ಕಣ್ಣು ತುಂಬಿತು. ಖಾರ ಹತ್ತಿತೆಂದು ಹವ್ವಾ ನೀರು ಕೊಟ್ಟಳು.

ಅಂದು ಮನೆಗೆ ಬರೆದ ಕಾಗದ ಎಂಟು ಪುಟ. ಮುಂದೆ ಪ್ರತಿ ಶುಕ್ರವಾರ ಬರೆದಳು: ಏನು ತಿಂದೆ, ಯಾರ ಜೊತೆ ನಕ್ಕೆ, ದೋಣಿ ತಡವಾದರೆ ಊರಿಗೆ ಊರೇ ಹೇಗೆ ಈರುಳ್ಳಿ ಇಲ್ಲದೆ ಇರುತ್ತದೆ ಎಂದೆಲ್ಲ. ಏಕಾಂತಯ್ಯನವರ ಉತ್ತರದಲ್ಲಿ ಬರೀ ಪ್ರಶ್ನೆಗಳು. ಅಲ್ಲಿನ ಕಾಯಿಗೆ ನುಸಿ ರೋಗ ಇದೆಯೇ, ಉಪ್ಪುನೆಲದಲ್ಲಿ ಮರ ಹೇಗೆ ಬದುಕುತ್ತದೆ. ಉತ್ತರ ಹುಡುಕಲು ಅವಳು ದ್ವೀಪವನ್ನೆಲ್ಲ ಸುತ್ತಿ ಮರ ಹತ್ತುವವರನ್ನು ಮಾತಾಡಿಸಿದಳು. ವರ್ಷಕ್ಕೇ ಬಿಡಬೇಕೆಂದಿದ್ದವಳು ಮೂರು ವರ್ಷ ಇದ್ದಳು.

ಹಿಂದಿರುಗಿ ಹಾರನಹಳ್ಳಿಯಲ್ಲಿ ಕೆಲಸಕ್ಕೆ ಸೇರಿದಾಗ ಗೊತ್ತಾಯಿತು, ಅಪ್ಪ ಆ ಕಾಗದಗಳನ್ನು ಅರಸೀಕೆರೆಯಲ್ಲಿ ವಾರಪತ್ರಿಕೆ ನಡೆಸುವ ಷಡಕ್ಷರಪ್ಪನವರಿಗೆ ತೋರಿಸಿದ್ದಾರೆಂದು. ಅವಳಿಗೆ ಸಿಟ್ಟು ಬಂತು. ನಾನು ಉಂಡಿದ್ದು ತಿಂದಿದ್ದು ಊರವರಿಗೆ ಯಾಕೆ ಎಂದಳು.

"ನಾನು ಅರಸೀಕೆರೆ, ತಿಪಟೂರು ದಾಟಿದೋನಲ್ಲ" ಎಂದರು ಏಕಾಂತಯ್ಯ. "ನಿನ್ನ ಕಾಗದ ಓದ್ಕೊಂಡು ಆ ಊರಲ್ಲೆಲ್ಲ ಓಡಾಡ್ಕೊಂಡು ಬಂದೆ. ನನ್ನಂಥೋರು ಇನ್ನೂ ಅವ್ರೆ ಕಣವ್ವ."

ಅವಳು ತಿದ್ದಿ ಬರೆದುಕೊಟ್ಟಳು, ವರ್ಷವಿಡೀ ಅಚ್ಚಾಯಿತು. ಅದನ್ನು ಓದಿ ಬಿಕ್ಕೋಡಿನ ಲತಾಮಣಿ ಎಂಬ ನರ್ಸ್ ಬೇಲೂರು, ಅರಸೀಕೆರೆಗಳಲ್ಲಿ ಬಸ್ಸು ಬದಲಿಸಿ ಮನೆ ಹುಡುಕಿಕೊಂಡು ಬಂದಳು. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದೆ, ಹೋಗಲು ಭಯ ಎಂದಳು. ಊಟಕ್ಕೆ ಒಳಗೆ ಕರೆದಾಗ ಹೊಸಿಲಲ್ಲೇ ನಿಂತು, ತಾವು ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಜನ ಎಂದು ಮೆಲ್ಲಗೆ ಹೇಳಿದಳು. ಅವಳು ಹೇಳದೆ ಬಿಟ್ಟ ಜಾತಿಯೂ ವಿಶಾಲಮ್ಮನವರಿಗೆ ತಿಳಿಯಿತು. ಹೊಸಿಲಿಗೆ ಬಂದು ಅವಳ ಕೈ ಹಿಡಿದರು.

"ನನ್ನ ಮಗಳಿಗೆ ಮೂರು ವರ್ಷ ಯಾರೋ ಒಳಗೆ ಕೂರಿಸಿ ಇಕ್ಕವ್ರೆ. ಬಾರವ್ವ, ಮುದ್ದೆ ಆರೋಗ್ತದೆ."

ಲತಾಮಣಿ ಹೊರಟಾಗ ಮೇಘಶ್ರೀ ಕೈತುಂಬ ಪುಸ್ತಕ ಕೊಟ್ಟು ಬಸ್ಸು ಹತ್ತಿಸಿದಳು. ಹೋದ ತಿಂಗಳು ಮಸ್ಕತ್ತಿನಿಂದ ಕಾಗದ ಬಂದಿದೆ. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಕನ್ನಡ ಓದುವ ಏಳು ಜನ ಸಿಕ್ಕಿದ್ದಾರಂತೆ. ಪುಸ್ತಕಗಳು ಪಾಳಿಯ ಮೇಲೆ ಓಡಾಡುತ್ತಿವೆಯಂತೆ, ಇನ್ನಷ್ಟು ಬೇಕಂತೆ. ಈ ಭಾನುವಾರ ಮೇಘಶ್ರೀ ಪಾರ್ಸೆಲ್ ಕಟ್ಟುತ್ತಿದ್ದಾಳೆ.