ಚೊಂಬಿನ ಮೇಲೆ ಒಣಗಿದ ನೀಲಿ ಟೋಪಿ

ನನ್ನ ಗಂಡ ನೌಕಾಪಡೆಯಲ್ಲಿದ್ದವರು. ಶಾಂತಿಪಾಲನೆಯ ಕೆಲಸಕ್ಕೆಂದು ಒಮ್ಮೆ ಹೊರದೇಶಕ್ಕೆ ಕಳಿಸುವಾಗ ಅವರಿಗೊಂದು ತಿಳಿನೀಲಿ ಉಣ್ಣೆ ಟೋಪಿ ಕೊಟ್ಟಿದ್ದರು. ಹೊರಡುವ ಮುಂಚೆ ರಜೆಗೆ ನಮ್ಮೂರು ದೊಡ್ಡೇರಿಗೆ ಬಂದವರು ಅದನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ತಲೆಗೆ ಹಾಕಿ, ಬಲಗಿವಿಯ ಕಡೆ ಎಳೆದುಕೊಂಡು ಮಾಳಿಗೆ ಮೇಲೆ ಬಿಸಿಲಿಗೆ ಕೂತುಬಿಟ್ಟರು. ಕತ್ತಿನ ಮೇಲೆಲ್ಲ ನೀರು.

"ಏನ್ರೀ ಇದು ಹುಚ್ಚಾಟ?" ಎಂದು ಬೈದೆ.

"ತಲೆ ಮೇಲೇ ಒಣಗ್ಬೇಕು ಕಣೇ. ಆಗ್ಲೇ ಇದು ನನ್ ತಲೆ ಅಚ್ಚು ಹಿಡಿಯೋದು" ಎಂದರು. ನಾನು ನಕ್ಕು, ಅಲ್ಲಿಗೇ ಕಾಫಿ ತಂದುಕೊಟ್ಟೆ.

ಕೆಲಸ ಮುಗಿಸಿ ಊರಿಗೆ ಬಂದು ನೆಲೆಸಿದರು. ಎರಡು ವರ್ಷದ ಹಿಂದೆ ಎದೆನೋವು ಅಂದವರು ಮತ್ತೆ ಏಳಲಿಲ್ಲ. ಬಟ್ಟೆಬರೆಯನ್ನೆಲ್ಲ ಯಾರುಯಾರಿಗೋ ಕೊಟ್ಟದ್ದಾಯಿತು. ಟೋಪಿಯನ್ನು ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿಟ್ಟು ಬೀರುವಿನೊಳಗೆ ಬಚ್ಚಿಟ್ಟೆ. ಬಾಗಿಲು ಹಾಕಿಕೊಂಡು ಅದರೊಳಗೆ ಕೈಯಿಟ್ಟರೆ ಹಿಂದಲೆಯ ಉಬ್ಬು, ಬಲಕ್ಕೆ ವಾಲಿದ ಅಂಚು, ಎಲ್ಲ ಹಾಗೇ ಸಿಗುತ್ತಿತ್ತು. ಊರಿಗೆಲ್ಲ ಬಾಯಿ ಮಾಡುವವಳು ಇದೊಂದನ್ನು ಅತ್ತೆಗೂ ಹೇಳಲಿಲ್ಲ. ಉಳಿದದ್ದೇ ಇಷ್ಟು, ಇದರಲ್ಲೂ ಪಾಲು ಕೊಡಬೇಕೇ ಎಂಬ ಜಿಪುಣತನ. ಹಾಳಾದ ಬುದ್ಧಿ!

ಮೊನ್ನೆ ಹಿರಿಯರ ಹಬ್ಬ ಬಂತು. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಮನೆಯಲ್ಲಿರುವ ಬಟ್ಟೆಯನ್ನೆಲ್ಲ ಒಗೆಯಬೇಕು, ಒಂದು ಚಿಂದಿಯೂ ಉಳಿಯಬಾರದು. ಮೈಲಿಗೆಯಿದ್ದ ಮನೆಗೆ ತೀರಿಕೊಂಡವರು ಎಡೆ ಉಣ್ಣಲು ಬರುವುದಿಲ್ಲವಂತೆ. ಎಡೆಗಿಡುವ ಹೊಸ ಪಂಚೆ ತರಲು ನಾನು ಮಧುಗಿರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅತ್ತೆ ಬೀರು ಖಾಲಿ ಮಾಡಿ, ಎಲ್ಲವನ್ನೂ ಒಗೆದು ಮಾಳಿಗೆ ಮೇಲೆ ಹರವಿದ್ದರು. ನನ್ನ ಗಂಡನ ಹೆಸರಿನಲ್ಲಿ ಕಳಶ ಇಡುವ ಹಿತ್ತಾಳೆ ಚೊಂಬನ್ನೂ ತೊಳೆದು ಅಲ್ಲೇ ಬೋರಲು ಹಾಕಿದ್ದರು. ಅದರ ಮೇಲೆ ನೀಲಿ ಟೋಪಿ.

"ನೋಡಮ್ಮ, ನನ್ ಮಗನ್ ಟೋಪಿ! ನೀನೆಲ್ಲೋ ಇಟ್ಟು ಮರ್ತ್‌ಬುಟ್ಟಿದ್ದೆ. ಚೆಂದಾಗಿ ಉಜ್ಬುಟ್ಟೆ ಕಣಮ್ಮ. ನಾಳಿಕೆ ಕಳ್ಸದ ಮ್ಯಾಲೆ ಇದ್ನೇ ಇಡಾನ, ಅವ್ನು ಖುಸಿಯಾಗಿ ಬತ್ತಾನೆ."

ಎತ್ತಿಕೊಂಡು ಒಳಗೆ ಕೈ ಹಾಕಿದೆ. ಪೂರಾ ಒಣಗಿತ್ತು. ಕೈಗೆ ಸಿಕ್ಕಿದ್ದು ಚೊಂಬಿನ ಗುಂಡು.

"ಅಯ್ಯೋ ಅತ್ತೆ, ಎಂಥ ಕೆಲಸ ಮಾಡಿಬಿಟ್ರಿ! ಅವರ ತಲೆ ಇದರಲ್ಲಿತ್ತು, ಹಾಳು ಮಾಡಿಬಿಟ್ರಿ!" ಎಂದು ಕಿರುಚಿದೆ. ಅವರು ಒದ್ದೆ ಟೋಪಿ ಹಾಕಿಕೊಂಡು ಇದೇ ಮಾಳಿಗೆ ಮೇಲೆ ಕೂತದ್ದು, ನಾನು ದಿನಾ ಕೈಯಿಟ್ಟು ನೋಡುತ್ತಿದ್ದದ್ದು, ಎಲ್ಲವನ್ನೂ ಅಳುತ್ತಲೇ ಒದರಿದೆ.

ಅತ್ತೆ ತಿರುಗಿ ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಟೋಪಿಯನ್ನು ನನ್ನ ಕೈಯಿಂದ ಇಸಿದುಕೊಂಡು ಒಳಗೆಲ್ಲ ಬೆರಳಾಡಿಸಿ ಹುಡುಕಿದರು.

"ಎಲ್ಡು ವರ್ಸ್‌ದಿಂದ ಇದ್ರಾಗೇ ಇತ್ತಾ? ಒಂದ್ ಮಾತು ಯೋಳ್ಬಾರ್ದಾಗಿತ್ತೇನಮ್ಮ? ನಾನೂ ಒಂದ್ಕಿತ ಅವ್ನ್ ತಲೆ ಸವರ್‌ತಿದ್ನಲ್ಲ."